ಅನಂತವನ್ನು ಅಳೆದವನು

ಗಣಿತದ ಪುಸ್ತಕ ಓದಿ ನಿದ್ದೆಗೆಟ್ಟೆನೆಂದರೆ ವಾಚಕರು ನಕ್ಕಾರು. ನಡುವಯಸ್ಸಿನಲ್ಲಿ, ಗುರುವಿಲ್ಲದೆ, ಗಣಸಿದ್ಧಾಂತದ ಮೊದಲ ಪಾಠಗಳನ್ನು ಕಲಿಯಹೊರಟ ನನಗೆ ಹಾಗಾದದ್ದು ನಿಜ. ಕಾರಣ, ಗೆಯೊರ್ಗ್ ಕ್ಯಾಂಟರನ ಒಂದು ಉಪಪತ್ತಿ.

ಕ್ಯಾಂಟರನು 1845ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವರ್ತಕನೊಬ್ಬನ ಮಗನಾಗಿ ಹುಟ್ಟಿದನು, ಬೆಳೆದದ್ದು ಜರ್ಮನಿಯಲ್ಲಿ. ಮಗ ಇಂಜಿನಿಯರನಾಗಲೆಂದು ತಂದೆಯ ಆಸೆ. ಕೊನೆಗೆ ಗಣಿತಕ್ಕೆ ಒಪ್ಪಿಗೆ ದೊರೆಯಿತು. 1869ರಲ್ಲಿ ಹಾಲೆ ವಿಶ್ವವಿದ್ಯಾಲಯವನ್ನು ಸೇರಿದವನು, ಬರ್ಲಿನ್ನಿನ ಪೀಠವನ್ನು ಬಯಸುತ್ತಲೇ, ಬಾಳನ್ನೆಲ್ಲ ಅಲ್ಲಿಯೇ ಸವೆಸಿದನು.

ಊಟದ ಪಂಕ್ತಿಯಲ್ಲಿ ಎಲೆಯೂ ಮಿಗದೆ ಜನರೂ ಮಿಗದಿದ್ದರೆ ಎರಡೂ ಸಮವೆಂದು ಎಣಿಸದೆಯೇ ತಿಳಿಯುತ್ತದೆ. ಕ್ಯಾಂಟರನು ಅನಂತಕ್ಕೂ ಇದೇ ಅಳತೆಯನ್ನು ಹಿಡಿದನು. ಭಿನ್ನರಾಶಿಗಳೆಲ್ಲ 1, 2, 3 ಎಂಬ ಎಣಿಕೆಯ ಸಂಖ್ಯೆಗಳೊಡನೆ ಜೋಡಿಯಾಗಿ ಕುಳಿತವು. ಆದರೆ ಕೊನೆಯಿಲ್ಲದ ದಶಮಾಂಶಗಳನ್ನೂ ಒಳಗೊಂಡ ವಾಸ್ತವ ಸಂಖ್ಯೆಗಳು ಕೂರಲಿಲ್ಲ. ಕೂರಲಾರವೆಂದು 1873ರ ಡಿಸೆಂಬರಿನಲ್ಲಿ ಅವನು ಸಾಧಿಸಿದನು. 1891ರಲ್ಲಿ ಅವನೇ ತೋರಿದ ಸುಲಭದ ದಾರಿ ಹೀಗಿದೆ: ಅಂಥ ದಶಮಾಂಶಗಳನ್ನೆಲ್ಲ ಒಂದರ ಕೆಳಗೊಂದು ಬರೆದಿರೆಂದು ಭಾವಿಸಿ. ಮೊದಲನೆಯದರ ಮೊದಲ ಅಂಕೆ, ಎರಡನೆಯದರ ಎರಡನೆಯ ಅಂಕೆ, ಹೀಗೆ ಕರ್ಣದಲ್ಲಿ ಇಳಿಯುತ್ತ, 5 ಇದ್ದೆಡೆ 6, ಬೇರೇನಿದ್ದರೂ 5 ಬರೆದು ಹೊಸದೊಂದು ಸಂಖ್ಯೆಯನ್ನು ಕಟ್ಟಿ. ಪಟ್ಟಿಯ ಪ್ರತಿಯೊಂದರೊಡನೆಯೂ ಅದು ಒಂದು ಸ್ಥಾನದಲ್ಲಿ ಭಿನ್ನ, ಆದ್ದರಿಂದ ಪಟ್ಟಿಯಲ್ಲಿಲ್ಲ. ಎಲ್ಲಿಯೋ ಮೋಸವಿದೆಯೆಂದು ನಾನು ಮಧ್ಯರಾತ್ರಿಯವರೆಗೆ ಹುಡುಕಿದೆ. ಸಿಗಲಿಲ್ಲ. ಅನಂತದಲ್ಲಿಯೂ ಹಿರಿದು ಕಿರಿದುಂಟು!

ನನಗೊಂದು ಸಮಾಧಾನವಿತ್ತು. ಸರಳರೇಖೆಯ ತುಂಡೊಂದರಲ್ಲಿಯೂ ಇಡೀ ಚೌಕದಲ್ಲಿಯೂ ಬಿಂದುಗಳು ಸಮವೆಂದು 1877ರಲ್ಲಿ ಸಾಧಿಸಿದ ಕ್ಯಾಂಟರನಿಗೇ ಅದನ್ನು ನಂಬುವುದು ಕಷ್ಟವಾಗಿತ್ತು. ಮಿತ್ರ ಡೆಡೆಕಿಂಡನಿಗೆ ಹಾಗೆಂದು ಬರೆದಿದ್ದನು. ಉಪಪತ್ತಿಗೆ ಕರ್ತೃವಿನ ಹಂಗೂ ಇಲ್ಲ.

ಬರ್ಲಿನ್ನಿನ ಕ್ರೋನೆಕರನು ಈ ಅನಂತಗಳನ್ನು ಕಟುವಾಗಿ ವಿರೋಧಿಸಿದನು. 1884ರಲ್ಲಿ ಕ್ಯಾಂಟರನಿಗೆ ಮನೋವ್ಯಾಧಿ ಮೊದಲ ಬಾರಿ ತಗುಲಿತು. ವಿರೋಧವೇ ಅದಕ್ಕೆ ಕಾರಣವೆಂಬ ಕಥೆ ಜನಪ್ರಿಯ. ನನಗದು ಅತಿ ಸುಲಭದ ವಿವರಣೆಯೆನಿಸುತ್ತದೆ. ಅದೇ ವರ್ಷ ಅವನನ್ನು ಇನ್ನೊಂದು ಪ್ರಶ್ನೆಯೂ ಕಾಡಿತು. ಎಣಿಕೆಯ ಸಂಖ್ಯೆಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಮತ್ತೊಂದಿದೆಯೇ? ಇಲ್ಲವೆಂದು ಅವನ ನಂಬಿಕೆ. ಸಾಧಿಸಿದೆನೆಂದು ಬರೆದನು, ಹಿಂತೆಗೆದನು. ತಪ್ಪೆಂದು ಸಾಧಿಸಿದೆನೆಂದನು, ಅದನ್ನೂ ಹಿಂತೆಗೆದನು.

1899ರಲ್ಲಿ ಕಿರಿಯ ಮಗ ತೀರಿಕೊಂಡನು. ಆಸ್ಪತ್ರೆಯ ವಾಸ ಮರುಕಳಿಸುತ್ತ ಹೋಯಿತು. ಮಹಾಯುದ್ಧದ ನಡುವೆ, ಮನೆಗೆ ಕರೆದೊಯ್ಯೆಂದು ಹೆಂಡತಿಗೆ ಕಾಗದ ಬರೆಯುತ್ತ, 1918ರ ಜನವರಿಯಲ್ಲಿ ಹಾಲೆಯ ಚಿಕಿತ್ಸಾಲಯದಲ್ಲಿಯೇ ಕಣ್ಮುಚ್ಚಿದನು.

ಅವನ ಪ್ರಶ್ನೆ ಉಳಿಯಿತು. ಗಣಸಿದ್ಧಾಂತದ ಅಂಗೀಕೃತ ಮೂಲತತ್ತ್ವಗಳಿಂದ ಅವನ ಊಹೆಯನ್ನು ಅಲ್ಲಗಳೆಯಲಾಗದೆಂದು 1940ರ ಹೊತ್ತಿಗೆ ಗೋಡೆಲನೂ, ಸಾಧಿಸಲೂ ಆಗದೆಂದು 1963ರಲ್ಲಿ ಪಾಲ್ ಕೋಹೆನನೂ ತೋರಿಸಿದರು.