ಮಾತು ಬಾರದ ಬಾಲಕನ ಗುರು ಡಾ. ಇಟಾರ್ಡ್

ಮನೆ ಭೇಟಿಗೆಂದು ಹೋದಾಗ ಕೆಲವು ಮನೆಗಳಲ್ಲಿ ನಮಗೆ ಒಂದೇ ಪ್ರಶ್ನೆ ಎದುರಾಗುತ್ತದೆ. ಮಗುವಿಗೆ ಶಾಲೆಗೆ ಹೋಗುವ ವಯಸ್ಸಾಯಿತು, ಇನ್ನೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಅಡುಗೆ ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬರುತ್ತದೆ. ಮನೆಗೇ ಬಂದು ಪಾಠ ಹೇಳುವ ಟೀಚರ್ ಯಾರಾದರೂ ಇದ್ದಾರೆಯೇ, ಅವರು ಬಂದರೆ ಮಗು ಮಾತನಾಡೀತೇ ಎಂದು ತಂದೆತಾಯಿ ಕೇಳುತ್ತಾರೆ. ನಮ್ಮ ಕರಾವಳಿಯ ಪೇಟೆಯಿರಲಿ, ದೂರದ ಸಂಡೂರು ತಾಲ್ಲೂಕಿನ ಕುರೆಕುಪ್ಪವಿರಲಿ, ಇಂತಹ ಮಗುವಿರುವ ಮನೆಯ ಚಿಂತೆ ಒಂದೇ.

ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಒಬ್ಬ ಯುವ ವೈದ್ಯ ಇದೇ ಪ್ರಶ್ನೆಯನ್ನು ಹೊತ್ತು, ಒಬ್ಬನೇ ಒಬ್ಬ ಬಾಲಕನಿಗೆ ಐದು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದರು. ಅವರೇ ಡಾ. ಜಾನ್ ಮಾರ್ಕ್ ಗಾಸ್ಪಾರ್ ಇಟಾರ್ಡ್. ವಿಶೇಷ ಶಿಕ್ಷಣ ಕಲಿಯುವವರೆಲ್ಲ ಇಂದಿಗೂ ಮೊದಲ ಅಧ್ಯಾಯದಲ್ಲೇ ಭೇಟಿಯಾಗುವ ಹೆಸರಿದು. ಅವರ ಸಾಧನೆಯಷ್ಟೇ ಅವರ ಸೋಲು, ತಪ್ಪುಗಳೂ ನಮಗೆ ಪಾಠವಾಗಬಲ್ಲವು.

ಆಕಸ್ಮಿಕವಾಗಿ ವೈದ್ಯರಾದವರು

ಇಟಾರ್ಡ್ ಹುಟ್ಟಿದ್ದು 1774ರ ಏಪ್ರಿಲ್ 24ರಂದು, ದಕ್ಷಿಣ ಫ್ರಾನ್ಸಿನ ಒರೆಜೋಂ ಎಂಬ ಸಣ್ಣ ಊರಿನಲ್ಲಿ. ಬಾಲ್ಯದ ಓದು ಧರ್ಮಗುರುವಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ನಡೆಯಿತು. ಮಗ ಬ್ಯಾಂಕಿನ ವ್ಯವಹಾರ ಕಲಿಯಲಿ ಎಂಬುದು ತಂದೆಯ ಆಸೆ. ಅಷ್ಟರಲ್ಲಿ ಫ್ರೆಂಚ್ ಕ್ರಾಂತಿಯ ಯುದ್ಧಗಳು ಬಂದವು. ಸೈನ್ಯಕ್ಕೆ ಸೇರಬೇಕಾದ ತರುಣ ಇಟಾರ್ಡ್ ತೂಲೋನ್ ಬಂದರಿನ ಸೇನಾ ಆಸ್ಪತ್ರೆಯಲ್ಲಿ ಸಹಾಯಕರಾಗಿ ನಿಂತರು. ವೈದ್ಯವಿದ್ಯೆಯ ಅಕ್ಷರವೂ ಗೊತ್ತಿರದಿದ್ದವರು ಗಾಯಾಳುಗಳ ನಡುವೆಯೇ ಕೆಲಸ ಕಲಿತರು, ಪುಸ್ತಕ ಹಿಡಿದರು, ಮುಂದೆ ಪ್ಯಾರಿಸಿನ ವಾಲ್ ದ ಗ್ರಾಸ್ ಸೇನಾ ಆಸ್ಪತ್ರೆ ಸೇರಿ ಶಸ್ತ್ರವೈದ್ಯರಾದರು.

ಆ ಆಸ್ಪತ್ರೆಯ ಸಮೀಪದಲ್ಲೇ ಕಿವುಡ ಮಕ್ಕಳ ಪ್ರಸಿದ್ಧ ಶಾಲೆಯಿತ್ತು. ಅದನ್ನು ಕಟ್ಟಿದವರು ಧರ್ಮಗುರು ವಂದನೀಯ ದ ಲೆಪೆ. ಕಿವುಡರಿಗೆ ಕೈಸನ್ನೆಯ ಮೂಲಕ ಪಾಠ ಹೇಳಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರು ಅವರು. ಅವರ ನಂತರ ಶಾಲೆಯನ್ನು ನಡೆಸಿದವರು ವಂದನೀಯ ಸಿಕಾರ್ಡ್. 1800ರ ಕೊನೆಯಲ್ಲಿ ಇಟಾರ್ಡ್ ಈ ಶಾಲೆಯ ವೈದ್ಯರಾದರು. ಆಗ ಅವರ ವಯಸ್ಸು 26.

ಕಾಡಿನಿಂದ ಬಂದ ಬಾಲಕ

ಅದೇ ವರ್ಷದ ಜನವರಿಯ ಚಳಿಯಲ್ಲಿ ಆವೇರೋಂ ಪ್ರಾಂತ್ಯದ ಸೆಂಟ್ ಸೆರ್ನಿನ್ ಎಂಬ ಹಳ್ಳಿಗೆ ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ ಕಾಡಿನಿಂದ ಬಂದಿದ್ದ. ಹರಿದ ಅಂಗಿ, ಮೈತುಂಬ ಗಾಯದ ಕಲೆ, ಬಾಯಲ್ಲಿ ಒಂದೇ ಒಂದು ಮಾತಿಲ್ಲ. ವರ್ಷಗಟ್ಟಲೆ ಒಂಟಿಯಾಗಿ ಗೆಡ್ಡೆ, ಕಾಯಿ ತಿಂದು ಬದುಕಿದವನಂತೆ ಕಾಣುತ್ತಿದ್ದ. ಆಗಸ್ಟ್ ತಿಂಗಳಲ್ಲಿ ಅವನನ್ನು ಪ್ಯಾರಿಸಿಗೆ ತಂದರು. ಕಾಡುಮನುಷ್ಯನನ್ನು ನೋಡಲು ಜನ ಮುಗಿಬಿದ್ದರು. ಅವರ ಕಣ್ಣಿಗೆ ಬಿದ್ದದ್ದು ಹಿಂದಕ್ಕೂ ಮುಂದಕ್ಕೂ ಓಲಾಡುವ, ಹತ್ತಿರ ಬಂದವರನ್ನು ಕಚ್ಚುವ, ಯಾರ ಮುಖವನ್ನೂ ನೋಡದ ಮಗು. ಕೆಲವೇ ವಾರಗಳಲ್ಲಿ ಕುತೂಹಲ ಆರಿತು.

ಆ ಕಾಲದ ಶ್ರೇಷ್ಠ ಮನೋವೈದ್ಯರಾದ ಡಾ. ಪಿನೆಲ್ ಪರೀಕ್ಷಿಸಿ, ಇವನು ಹುಟ್ಟಿನಿಂದಲೇ ಬುದ್ಧಿಮಾಂದ್ಯ, ಕಲಿಸಿ ಪ್ರಯೋಜನವಿಲ್ಲ ಎಂದು ತೀರ್ಪು ಕೊಟ್ಟರು. ವಂದನೀಯ ಸಿಕಾರ್ಡರೂ ಕೈಚೆಲ್ಲಿದರು. ದೊಡ್ಡವರೆಲ್ಲ ಬಿಟ್ಟ ಮಗುವನ್ನು ಯುವ ಇಟಾರ್ಡ್ ಕೈಗೆತ್ತಿಕೊಂಡರು. ಶಾಲೆಯಲ್ಲಿದ್ದ ಮದಾಮ್ ಗೆರಿನ್ ಎಂಬ ಮಹಿಳೆ ಹುಡುಗನ ಊಟ, ಸ್ನಾನ, ನಿದ್ದೆಯ ಜವಾಬ್ದಾರಿ ಹೊತ್ತರು.

ಮಗುವನ್ನೇ ಪುಸ್ತಕವಾಗಿ ಓದಿದರು

ಇಟಾರ್ಡರ ಬಳಿ ಪಠ್ಯಪುಸ್ತಕವಿರಲಿಲ್ಲ. ಇಂತಹ ಮಗುವಿಗೆ ಪಾಠ ಹೇಳಿದವರು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಅವರು ಮೊದಲು ನೋಡುತ್ತಾ ಕುಳಿತರು. ಪಕ್ಕದಲ್ಲಿ ಪಿಸ್ತೂಲು ಹಾರಿಸಿದರೂ ಬೆಚ್ಚದ ಹುಡುಗ, ಹಿಂದೆ ಯಾರೋ ಆಕ್ರೋಟು ಒಡೆದರೆ ಥಟ್ಟನೆ ತಿರುಗುತ್ತಿದ್ದ. ಅಂದರೆ ಕಿವಿ ಕೇಳುತ್ತಿತ್ತು, ಅವನಿಗೆ ಬೇಕಾದದ್ದು ಮಾತ್ರ ಒಳಗೆ ಹೋಗುತ್ತಿತ್ತು. ಮಾತಿನ ಸ್ವರಗಳಲ್ಲಿ ಓ ಎಂಬ ಧ್ವನಿಗೆ ಅವನು ಮುಖ ತಿರುಗಿಸುವುದನ್ನು ಕಂಡು, ಫ್ರೆಂಚ್ ಉಚ್ಚಾರಣೆಯಲ್ಲಿ ಆ ಧ್ವನಿ ಬರುವಂತೆ ಅವನಿಗೆ ವಿಕ್ಟರ್ ಎಂಬ ಹೆಸರಿಟ್ಟರು. ಹೆಸರನ್ನೂ ಮಗುವಿಗೆ ಕೇಳಿಸುವಂತೆ ಆರಿಸಿದ ಗುರು ಅವರು.

ಚಳಿ ಬಿಸಿಗಳ ಪರಿವೆಯೇ ಇಲ್ಲದ ಹುಡುಗನಿಗೆ ದಿನವೂ ಬಿಸಿನೀರಿನ ಸ್ನಾನ ಮಾಡಿಸಿದರು. ಕೆಲವು ತಿಂಗಳಲ್ಲಿ ವಿಕ್ಟರ್ ತಾನೇ ಬೆರಳದ್ದಿ ನೀರಿನ ಬಿಸಿ ನೋಡತೊಡಗಿದ. ಹಲಗೆಯ ಮೇಲೆ ಬೀಗದ ಕೈ, ಕತ್ತರಿ, ಸುತ್ತಿಗೆಗಳ ಚಿತ್ರ ಬರೆದು ಪ್ರತಿಯೊಂದು ವಸ್ತುವನ್ನು ಅದರದರ ಚಿತ್ರದ ಕೆಳಗೆ ತೂಗುಹಾಕಲು ಕಲಿಸಿದರು. ಆಮೇಲೆ ಬಣ್ಣ, ಆಕಾರ, ಕೊನೆಗೆ ಬಿಡಿ ಅಕ್ಷರಗಳು. ಒಂದು ಮೆಟ್ಟಿಲು ಕಷ್ಟವಾದರೆ ಅದನ್ನು ಎರಡಾಗಿ ಒಡೆದರು. ಪಾಠ ಕೆಟ್ಟರೆ ಹುಡುಗನನ್ನು ದೂರದೆ ಪಾಠವನ್ನು ಬದಲಿಸಿದರು. ಇಂದು ವಿಶೇಷ ಶಿಕ್ಷಕರು ಮಾಡುವ ಕೆಲಸದ ಮೂಲ ಇಲ್ಲಿದೆ.

ವಿಕ್ಟರನಿಗೆ ಹಾಲೆಂದರೆ ಪ್ರಾಣ. ಹಾಲು ಎಂಬ ಪದದ ನಾಲ್ಕು ಅಕ್ಷರಗಳನ್ನು ಜೋಡಿಸಲು ಕಲಿತ ಮೇಲೆ ಒಂದು ದಿನ, ಯಾರೂ ಹೇಳದೆಯೇ ಆ ನಾಲ್ಕು ಅಕ್ಷರಗಳನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ದಿನವೂ ತನಗೆ ಹಾಲು ಕೊಡುತ್ತಿದ್ದ ಮನೆಗೆ ಹೋಗಿ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟ. ಮಾತು ಬಾರದ ಮಗು ಬಾಯಿ ತೆರೆಯದೆಯೇ ಕೇಳಿತ್ತು!

ಗುರುವಿನ ತಪ್ಪುಗಳು

ಇಟಾರ್ಡರಿಗೆ ಇಷ್ಟು ಸಾಲಲಿಲ್ಲ. ಅವರಿಗೆ ಬೇಕಾಗಿದ್ದುದು ಬಾಯಿಂದ ಬರುವ ಮಾತು. ನೀರು ಎಂಬ ಶಬ್ದ ಹೊರಡಲೆಂದು ಬಾಯಾರಿದ ಹುಡುಗನ ಎದುರು ನೀರನ್ನು ತಡೆಹಿಡಿದು ನೋಡಿದರು. ವಿಕ್ಟರ್ ಚಡಪಡಿಸಿದ, ಕೈಯಾಡಿಸಿದ, ಆದರೆ ಮಾತು ಹೊರಡಲಿಲ್ಲ. ಒಮ್ಮೆ ಅವನ ರಂಪ ತಡೆಯಲಾರದೆ, ಎತ್ತರಕ್ಕೆ ಹೆದರುವ ಆ ಮಗುವನ್ನು ಮೇಲಂತಸ್ತಿನ ಕಿಟಕಿಯಿಂದಾಚೆಗೆ ಹಿಡಿದು ಹೆದರಿಸಿದರು. ಅವನಿಗೆ ನ್ಯಾಯ ಅನ್ಯಾಯದ ಅರಿವಿದೆಯೇ ಎಂದು ತಿಳಿಯಲು, ಸರಿಯಾಗಿ ಪಾಠ ಮುಗಿಸಿದ ದಿನವೇ ಬೇಕೆಂದು ಶಿಕ್ಷಿಸಿದರು. ಹುಡುಗ ಗುರುವಿನ ಕೈ ಕಚ್ಚಿದ. ತನ್ನ ಶಿಷ್ಯನಿಗೆ ಅನ್ಯಾಯ ತಿಳಿಯುತ್ತದೆ ಎಂದು ಇಟಾರ್ಡ್ ಹಿಗ್ಗಿದರು. ಇವನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ತಮ್ಮ ವರದಿಗಳಲ್ಲಿ ಬರೆದಿದ್ದಾರೆ. ಇಂದು ಯಾವ ಶಿಕ್ಷಕರೂ ಹೀಗೆ ಮಾಡಬಾರದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಸುತ್ತಲೂ ಕೈಸನ್ನೆಯಲ್ಲಿ ಮಾತನಾಡುವ ಮಕ್ಕಳಿದ್ದರು. ವಿಕ್ಟರ್ ಕೂಡ ತನ್ನದೇ ಸನ್ನೆಗಳಲ್ಲಿ ಎಲ್ಲವನ್ನೂ ತಿಳಿಸುತ್ತಿದ್ದ. ಬೇಡವಾದ ಅತಿಥಿಗಳಿಗೆ ಅವರವರ ಟೋಪಿ, ಕೋಲು ತಂದುಕೊಟ್ಟು ಹೊರಗೆ ಕಳುಹಿಸುತ್ತಿದ್ದ! ಆದರೂ ಸನ್ನೆಭಾಷೆಯ ಆ ಮನೆಯಲ್ಲಿದ್ದು ಅವನಿಗೆ ಆ ಭಾಷೆಯನ್ನು ಕ್ರಮವಾಗಿ ಕಲಿಸಲು ಇಟಾರ್ಡ್ ಮುಂದಾಗಲಿಲ್ಲ. ಕಿವುಡ ಮಕ್ಕಳ ಮೇಲೂ ಅವರು ನೋವಿನ ಚಿಕಿತ್ಸೆಗಳನ್ನು ಪ್ರಯೋಗಿಸಿದ್ದುಂಟು. ಬಹು ವರ್ಷಗಳ ನಂತರ ಅವುಗಳಿಂದ ಫಲವಿಲ್ಲವೆಂದು ಕಂಡುಕೊಂಡು, ಸನ್ನೆಭಾಷೆಯ ಬೆಲೆಯನ್ನು ಒಪ್ಪಿಕೊಂಡರು. ವಿಕ್ಟರನ ಪಾಲಿಗೆ ಆ ಅರಿವು ತಡವಾಗಿ ಬಂತು.

ಊಟದ ಮೇಜಿನ ಒಂದು ತಟ್ಟೆ

ಇಟಾರ್ಡರ ಮೊದಲ ವರದಿ 1801ರಲ್ಲಿ ಬಂತು. ಯೂರೋಪಿನಾದ್ಯಂತ ಅವರು ಹೆಸರಾದರು. ಎರಡನೆಯದು 1806ರಲ್ಲಿ. ಆ ವೇಳೆಗೆ ಅವರ ಉತ್ಸಾಹ ಕುಗ್ಗಿತ್ತು. ವಿಕ್ಟರ್ ಬರೆದ ಪದಗಳನ್ನು ಓದಿ ಅರಿಯುತ್ತಿದ್ದ, ಕಂಡ ಪದಗಳನ್ನು ನಕಲು ಮಾಡುತ್ತಿದ್ದ, ಮನೆಗೆಲಸ ಮಾಡುತ್ತಿದ್ದ. ಆದರೆ ಮಾತನಾಡಲಿಲ್ಲ. ತನ್ನ ಶ್ರಮ ಗುರಿ ಮುಟ್ಟಲಿಲ್ಲವೆಂಬ ಭಾವದಲ್ಲೇ ಇಟಾರ್ಡ್ ಪಾಠ ನಿಲ್ಲಿಸಿದರು.

ಅದೇ ಎರಡನೆಯ ವರದಿಯಲ್ಲಿ ಅವರು ದಾಖಲಿಸಿದ ಒಂದು ಘಟನೆ ನಮ್ಮನ್ನು ಬಹುವಾಗಿ ತಟ್ಟಿದೆ. ಊಟಕ್ಕೆ ಮೇಜು ಸಿದ್ಧಪಡಿಸುವುದು ವಿಕ್ಟರನ ಕೆಲಸವಾಗಿತ್ತು. ಮದಾಮ್ ಗೆರಿನ್ ಅವರ ಪತಿ ತೀರಿಕೊಂಡ ದಿನವೂ ಅವನು ಎಂದಿನಂತೆ ಅವರ ಜಾಗದಲ್ಲಿ ತಟ್ಟೆ ಇಟ್ಟ. ಅದನ್ನು ಕಂಡು ಆ ತಾಯಿ ಅತ್ತರು. ಹುಡುಗ ಅವರನ್ನು ನೋಡಿದ, ತಟ್ಟೆಯನ್ನು ನೋಡಿದ, ಮೆಲ್ಲನೆ ತೆಗೆದು ಬೀರುವಿನಲ್ಲಿಟ್ಟ. ಮತ್ತೆಂದೂ ಅದನ್ನು ಅಲ್ಲಿ ಇಡಲಿಲ್ಲ. ಈ ಮಗುವಿಗೆ ಏನೂ ಕಲಿಸಲಾಗದು ಎಂದು ತೀರ್ಪು ಕೊಟ್ಟಿದ್ದರಲ್ಲವೇ? ಪರರ ದುಃಖವನ್ನು ಅರಿತು ನಡೆಯುವುದಕ್ಕಿಂತ ದೊಡ್ಡ ಕಲಿಕೆ ಯಾವುದಿದೆ?

ಗುರು ಪಾಠ ನಿಲ್ಲಿಸಿದರೂ ಮದಾಮ್ ಗೆರಿನ್ ಕೈಬಿಡಲಿಲ್ಲ. ಸರ್ಕಾರದ ಸಣ್ಣ ವೇತನದಲ್ಲಿ ಶಾಲೆಯ ಹತ್ತಿರದ ಮನೆಯೊಂದರಲ್ಲಿ ವಿಕ್ಟರನನ್ನು ಇಟ್ಟುಕೊಂಡು ಸಾಕಿದರು. 1828ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ ವಿಕ್ಟರ್ ತೀರಿಕೊಂಡ. ಅವನ ಕಥೆಯಲ್ಲಿ ವರದಿ ಬರೆದವರ ಹೆಸರು ದೊಡ್ಡದಾಗಿ ಉಳಿಯಿತು. ಜೊತೆಗೆ ಬಾಳಿದ ಆ ತಾಯಿಯ ಹೆಸರನ್ನೂ ನಾವು ಅಷ್ಟೇ ಗೌರವದಿಂದ ನೆನೆಯಬೇಕು.

ಸೋಲಿನಿಂದ ಬಂದ ಬೆಳಕು

ಇಟಾರ್ಡ್ ಮುಂದೆ ಕಿವಿಯ ರೋಗಗಳ ದೊಡ್ಡ ತಜ್ಞರಾದರು. 1821ರಲ್ಲಿ ಆ ಬಗ್ಗೆ ಮಹತ್ವದ ಗ್ರಂಥ ಬರೆದರು. ತನ್ನ ಇಚ್ಛೆಯಿಲ್ಲದೆಯೇ ಮೈ ಕುಲುಕುವ, ಅನುಚಿತ ಪದಗಳು ಬಾಯಿಂದ ಹೊರಡುವ ಮಹಿಳೆಯೊಬ್ಬರ ಸ್ಥಿತಿಯನ್ನು 1825ರಲ್ಲಿ ವಿವರಿಸಿದರು. ಇಂದು ಟುರೆಟ್ ಸಿಂಡ್ರೋಮ್ ಎಂದು ಕರೆಯುವುದು ಅದನ್ನೇ. 1838ರ ಜುಲೈ 5ರಂದು ಅವರು ನಿಧನರಾದರು.

ಅದಕ್ಕೆ ಸ್ವಲ್ಪ ಮೊದಲು, 1837ರಲ್ಲಿ, ಎಡ್ವರ್ಡ್ ಸೆಗ್ವಿನ್ ಎಂಬ ತರುಣ ಅವರ ಮಾರ್ಗದರ್ಶನದಲ್ಲಿ ಬುದ್ಧಿಮಾಂದ್ಯ ಬಾಲಕನೊಬ್ಬನಿಗೆ ಪಾಠ ಹೇಳತೊಡಗಿದ್ದರು. ಸೆಗ್ವಿನ್ ಆ ವಿಧಾನವನ್ನು ಬೆಳೆಸಿ ಅಮೆರಿಕಕ್ಕೂ ಒಯ್ದರು. ಶತಮಾನದ ಕೊನೆಯಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ ರೋಮ್ ನಗರದಲ್ಲಿ ಇಂತಹ ಮಕ್ಕಳ ಕೆಲಸಕ್ಕೆ ಇಳಿದಾಗ ಆಶ್ರಯಿಸಿದ್ದು ಈ ಇಬ್ಬರ ಬರಹಗಳನ್ನೇ. ಅವನ್ನು ತಮ್ಮ ಕೈಯಾರೆ ಇಟಾಲಿಯನ್ ಭಾಷೆಗೆ ಇಳಿಸಿಕೊಂಡರು. 1907ರಲ್ಲಿ ಅದೇ ವಿಧಾನವನ್ನು ಬಡ ಕಾರ್ಮಿಕರ ಮಕ್ಕಳಿಗೆ ತಂದರು. 1939ರಲ್ಲಿ ಅವರು ಮದ್ರಾಸಿಗೆ ಬಂದು ಭಾರತದ ಶಿಕ್ಷಕರಿಗೂ ತರಬೇತಿ ಕೊಟ್ಟರು. ಇಂದು ನಮ್ಮ ಊರಿನ ಯಾವುದಾದರೂ ಮಾಂಟೆಸ್ಸರಿ ಶಾಲೆಯಲ್ಲಿ ಪುಟ್ಟ ಮಗು ಮರದ ಅಕ್ಷರವನ್ನು ಬೆರಳಿನಿಂದ ಸವರುತ್ತಿದ್ದರೆ, ಅದರ ಹಿಂದೆ ವಿಕ್ಟರನ ಜೇಬಿನಲ್ಲಿದ್ದ ಆ ನಾಲ್ಕು ಅಕ್ಷರಗಳಿವೆ.

ವಿಕ್ಟರನಿಗೆ ಏನಾಗಿತ್ತು? ಆಟಿಸಂ ಇದ್ದಿರಬೇಕು, ಅದಕ್ಕಾಗಿಯೇ ಮನೆಯವರು ತೊರೆದಿರಬಹುದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಇತರರು ಒಪ್ಪುವುದಿಲ್ಲ. ಆಟಿಸಂ ಅನ್ನು ಡಾ. ಲಿಯೋ ಕ್ಯಾನರ್ ವಿವರಿಸಿದ್ದೇ 1943ರಲ್ಲಿ. ಇಟಾರ್ಡರಿಗೆ ಆ ಹೆಸರು ತಿಳಿಯುವ ಮಾರ್ಗವಿರಲಿಲ್ಲ. ನಮಗೆ ತಿಳಿದಿದೆ. ಆಟಿಸಂ, ಕಲಿಕಾ ನ್ಯೂನತೆ ಮುಂತಾದ 21 ಬಗೆಗಳನ್ನು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಮಾತು, ಶ್ರವಣದ ತೊಂದರೆಗಳಿಗಾಗಿ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತೀವ್ರ ಅಥವಾ ಬಹುವಿಧದ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ. ಮಂಗಳೂರಿನವರೇ ಆಗಲಿ, ಕುರೆಕುಪ್ಪದವರೇ ಆಗಲಿ, ಇದಕ್ಕಾಗಿ ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಮಗು ಮಾತನಾಡೀತೇ ಎಂದು ಕೇಳುವ ತಂದೆತಾಯಿಗೆ ಹೌದು ಎಂದು ಭರವಸೆ ಕೊಡಲು ನಮ್ಮಿಂದಾಗದು. ಆದರೆ ಮಗು ಈಗಾಗಲೇ ಏನನ್ನೋ ಹೇಳುತ್ತಿದೆ. ಕೈಹಿಡಿದು ಎಳೆಯುವುದು, ಲೋಟವನ್ನು ಮುಂದಿಡುವುದು, ಚಿತ್ರವನ್ನು ತೋರಿಸುವುದು, ಇವೆಲ್ಲ ಅದರ ಮಾತೇ. ಮನೆಪಾಠ ಹೇಳುವವರು, ನಮ್ಮ ಧರ್ಮೋಪದೇಶದ ಶಿಕ್ಷಕರು ಅದನ್ನು ಮೊದಲು ಕೇಳಿಸಿಕೊಳ್ಳಲಿ, ಪಾಠ ಆಮೇಲೆ ಬರಲಿ. ಇಟಾರ್ಡರ ತಾಳ್ಮೆ ನಮಗಿರಲಿ, ಅವರ ಆತುರ ಬೇಡ. ಮದಾಮ್ ಗೆರಿನ್ ಅವರ ಹಾಗೆ, ಫಲಿತಾಂಶ ಏನೇ ಆದರೂ ಜೊತೆಗಿರುವ ಮನಸ್ಸು ನಮ್ಮ ಪ್ರತಿಯೊಂದು ಮನೆಯಲ್ಲೂ ಇರಲಿ.