ರಾಷ್ಟ್ರಾಧ್ಯಕ್ಷ ಕೆನಡಿಯವರ ವ್ಯಾಯಾಮ ಸಾಧನೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ 35ನೆಯ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರನ್ನು ಜಗತ್ತು ಉತ್ಸಾಹದ ಚಿಲುಮೆಯಾದ ತರುಣ ನಾಯಕರೆಂದೇ ಸ್ಮರಿಸುತ್ತದೆ. ಆ ನಗುಮುಖದ ಹಿಂದೆ ಅಡಗಿದ್ದ ಸೊಂಟದ ನೋವು ಎಷ್ಟು ದಾರುಣವಾಗಿತ್ತೆಂಬುದು ಅವರ ಕಾಲದ ಬಹುಜನರಿಗೆ ತಿಳಿದಿರಲಿಲ್ಲ.

1917ರ ಮೇ 29ರಂದು ಬ್ರೂಕ್‌ಲೈನ್‌ನಲ್ಲಿ ಸಿರಿವಂತ ಮನೆತನದಲ್ಲಿ ಜನಿಸಿದ ಕೆನಡಿಯವರನ್ನು ಹಾರ್ವರ್ಡಿನ ವಿದ್ಯಾರ್ಥಿದೆಸೆಯಲ್ಲಿಯೇ ಬೆನ್ನುನೋವು ಕಾಡತೊಡಗಿತು. ಭೂಸೇನೆ ಅವರನ್ನು ಅನರ್ಹರೆಂದು ತಿರಸ್ಕರಿಸಿದರೂ ಛಲಬಿಡದೆ ನೌಕಾದಳವನ್ನು ಸೇರಿದರು. 1943ರ ಆಗಸ್ಟ್ 2ರ ನಸುಕಿನಲ್ಲಿ ಸಾಲೊಮನ್ ದ್ವೀಪಗಳ ಬಳಿ ಜಪಾನೀ ಯುದ್ಧನೌಕೆಯೊಂದು ಅವರ ದೋಣಿಯನ್ನು ಸೀಳಿತು. ಸುಟ್ಟ ಗಾಯಗಳಿಂದ ನರಳುತ್ತಿದ್ದ ಸಹಚರನ ಜೀವರಕ್ಷಕ ಕವಚದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದು, ನಾಲ್ಕು ಗಂಟೆಗಳಷ್ಟು ಕಾಲ ಈಜಿ ಅವನನ್ನು ದಡಕ್ಕೆ ಸೇರಿಸಿದರು.

1944ರಲ್ಲಿ ನಡೆದ ಶಸ್ತ್ರಚಿಕಿತ್ಸೆ ಫಲ ಕೊಡಲಿಲ್ಲ. 1954ರ ಅಕ್ಟೋಬರಿನಲ್ಲಿ ಲೋಹದ ಫಲಕವನ್ನಿಟ್ಟು ಬೆನ್ನೆಲುಬನ್ನು ಬೆಸೆಯಲಾಯಿತು. ಸೋಂಕು ತಗುಲಿ ಪ್ರಾಣವೇ ಹೋಗುವಂತಾಗಿ, ಪಾದ್ರಿಯವರು ಅಂತ್ಯಸಂಸ್ಕಾರದ ವಿಧಿಗಳನ್ನೂ ನೆರವೇರಿಸಿದರು. ಮರುವರ್ಷ ಆ ಫಲಕವನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ, 1957ರಲ್ಲಿ ಇನ್ನೊಂದು.

1961ರಲ್ಲಿ ಅಧ್ಯಕ್ಷರಾದ ಮೇಲೆ ಅದೇ ಮೇ ತಿಂಗಳಲ್ಲಿ ಕೆನಡಾದ ಆಟವಾದಲ್ಲಿ ಗಿಡ ನೆಡುವ ಸಮಾರಂಭದಲ್ಲಿ ಗುದ್ದಲಿ ಹಿಡಿದು ಬಾಗಿದಾಗ ಹಳೆಯ ನೋವು ಮರುಕಳಿಸಿತು. ಜನರ ಕಣ್ಣಿಗೆ ಬೀಳದೆಡೆಯಲ್ಲಿ ಊರುಗೋಲು ಹಿಡಿದು ನಡೆಯಬೇಕಾಯಿತು. ನೋವನ್ನು ಅಡಗಿಸಲು ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು. ಆಗ, ಅಂದರೆ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಿಂದ ಕರೆತಂದ ವೈದ್ಯರೇ ಹಾನ್ಸ್ ಕ್ರೌಸ್.

ಟ್ರಿಯೆಸ್ಟ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ವೈದ್ಯವಿದ್ಯೆ ಕಲಿತ ಕ್ರೌಸರು ಪರ್ವತಾರೋಹಿಯೂ ಆಗಿದ್ದರು. ಬಹುಪಾಲು ಬೆನ್ನುನೋವಿಗೆ ಮೂಲ ಎಲುಬಿನಲ್ಲಿಲ್ಲ, ದುರ್ಬಲವಾದ ಮತ್ತು ಬಿಗಿದುಕೊಂಡ ಸ್ನಾಯುಗಳಲ್ಲಿದೆ ಎಂಬುದು ಅವರ ದೃಢವಾದ ಅಭಿಪ್ರಾಯ. ಅವರೂ ಸೋನ್ಯಾ ವೆಬರರೂ ರೂಪಿಸಿದ ಆರು ಸರಳ ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಅಮೆರಿಕಾದ ಶೇಕಡಾ 57.9ರಷ್ಟು ಮಕ್ಕಳು ಸೋತಿದ್ದರು. ಯೂರೋಪಿನ ಮಕ್ಕಳಲ್ಲಿ ಸೋತವರು ಶೇಕಡಾ 8.7 ಮಾತ್ರ. ಅಂಗಾತ ಮಲಗಿ ಏಳುವುದು, ಬೋರಲು ಮಲಗಿ ಎದೆಯನ್ನೂ ಕಾಲುಗಳನ್ನೂ ಎತ್ತಿ ಹತ್ತು ಸೆಕೆಂಡು ಹಿಡಿಯುವುದು, ಮೊಣಕಾಲು ಮಡಿಸದೆ ನೆಲ ಮುಟ್ಟುವುದು, ಹೀಗಿದ್ದವು ಆ ಪರೀಕ್ಷೆಗಳು. ಶಾಲೆಯ ಅಂಗಳದಲ್ಲಿ ಯಾವ ಸಲಕರಣೆಯೂ ಇಲ್ಲದೆ ನಡೆಸಬಹುದಾದಂಥವು.

ಸಮುದ್ರವನ್ನೇ ಈಜಿದ ಅಧ್ಯಕ್ಷರಿಗೆ ಮಲಗಿ ಒಮ್ಮೆ ಎದ್ದು ಕೂರುವುದೂ ಸಾಧ್ಯವಾಗಲಿಲ್ಲ! ಹೊಟ್ಟೆಯ ಸ್ನಾಯುಗಳು ಸಡಿಲಗೊಂಡಿದ್ದವು, ತೊಡೆಯ ಹಿಂಭಾಗದವು ತಂತಿಯಂತೆ ಬಿಗಿದಿದ್ದವು. ಶ್ವೇತಭವನದ ಈಜುಕೊಳದ ಮಗ್ಗುಲಿನ ಚಿಕ್ಕ ಕೊಠಡಿಯಲ್ಲಿ ವಾರಕ್ಕೆ ಮೂರು ಬಾರಿ ಅಭ್ಯಾಸ ಆರಂಭವಾಯಿತು. ಭಾರ ಎತ್ತುವ ಮಾತೇ ಇಲ್ಲ. ಮೊದಲು ದೇಹವನ್ನು ಸಡಿಲಬಿಡುವುದು, ಬಳಿಕ ಮೊಣಕಾಲು ಮಡಿಸಿ ಮೆಲ್ಲನೆ ಚಾಚುವುದು, ಬಿಗಿದ ಸ್ನಾಯುಗಳು ಸಡಿಲವಾದ ಮೇಲೆಯೇ ಬಲ ಕೊಡುವ ವ್ಯಾಯಾಮ. ಮತ್ತೆ ವಿಶ್ರಾಂತಿಯಲ್ಲಿ ಮುಗಿತಾಯ. ಕ್ಯೂಬಾದ ಕ್ಷಿಪಣಿಗಳು ಲೋಕವನ್ನೇ ನಡುಗಿಸಿದ 1962ನ್ನೂ ಒಳಗೊಂಡು ಎರಡು ವರ್ಷ ಈ ಕ್ರಮ ನಡೆಯಿತು. ಶಸ್ತ್ರಚಿಕಿತ್ಸೆಗಳು ಕೊಡದ ನೆಮ್ಮದಿಯನ್ನು ಈ ಸಾಧಾರಣ ಚಲನೆಗಳು ಕೊಟ್ಟವು. 1963ರ ಬೇಸಿಗೆಯಲ್ಲಿ ಅವರು ಮತ್ತೆ ಗಾಲ್ಫ್ ಆಡಿದರು.

ಆದರೂ ವರ್ಷಗಳಿಂದ ಕಟ್ಟುತ್ತಿದ್ದ ಬಿಗಿಯಾದ ಸೊಂಟಪಟ್ಟಿಯನ್ನು ಅವರು ಪೂರ್ಣವಾಗಿ ಕಳಚಿಡಲಿಲ್ಲ. 1963ರ ನವೆಂಬರ್ 22ರಂದು ಡಲ್ಲಾಸಿನ ತೆರೆದ ಕಾರಿನಲ್ಲಿಯೂ ಅದು ಅವರ ಮೈಮೇಲಿತ್ತು. ಮೊದಲ ಗುಂಡು ತಗುಲಿದಾಗ ಅದು ದೇಹವನ್ನು ಬಾಗಗೊಡದೆ ನೆಟ್ಟಗೆ ನಿಲ್ಲಿಸಿದ್ದರಿಂದಲೇ ಮುಂದಿನ ಗುಂಡಿಗೆ ತಲೆ ಗುರಿಯಾಯಿತೆಂದು ಕೆಲವು ವೈದ್ಯರು ತರುವಾಯ ವಾದಿಸಿದ್ದಾರೆ. ಆಗ ಕೆನಡಿಯವರಿಗೆ 46 ವರ್ಷ.