ಕದ್ದ ಹುಡುಗರ ಹಿಂದಿನ ಕಥೆ ಕೇಳಿದ ವೈದ್ಯ: ಜಾನ್ ಬೌಲ್ಬಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಸಾಫ್ಟ್‌ವೇರ್ ಇಂಜಿನಿಯರ್ ಆದ ನಾನು ಕಂಪ್ಯೂಟರ್ ಬಗ್ಗೆಯೇ ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ಆದರೆ ಹೈಸ್ಕೂಲು ಎಂದರೆ ಹದಿಮೂರರಿಂದ ಹದಿನಾರರ ವಯಸ್ಸು. ಸಿಟ್ಟು, ಸುಳ್ಳು, ಚಿಕ್ಕಪುಟ್ಟ ಕಳ್ಳತನ, ಕ್ಲಾಸಿಗೆ ಚಕ್ಕರ್ ಎಲ್ಲವೂ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು. ಅಂಥ ಮಕ್ಕಳನ್ನು ಅರ್ಥ ಮಾಡಿಕೊಳ್ಳಲು ಜೀವನವನ್ನೇ ಸವೆಸಿದ ಒಬ್ಬ ವೈದ್ಯರ ಕಥೆ ಈ ಸಂಚಿಕೆಗೆ ಹೆಚ್ಚು ಹೊಂದುತ್ತದೆ ಎನಿಸಿತು. ಬಿ.ಎಡ್. ಮಾಡಿದ ನಮ್ಮ ಗುರುಗಳಿಗೆ ಜಾನ್ ಬೌಲ್ಬಿ ಎಂಬ ಹೆಸರು ಹೊಸದಲ್ಲ. ಉಳಿದವರಿಗಾಗಿ ಈ ಪರಿಚಯ.

ಬೌಲ್ಬಿಯವರು ಹುಟ್ಟಿದ್ದು 1907ರ ಫೆಬ್ರವರಿ 26ರಂದು, ಲಂಡನ್ನಿನಲ್ಲಿ. ತಂದೆ ಸರ್ ಆಂಥನಿ ಬೌಲ್ಬಿ ಅರಮನೆಗೂ ಸೇವೆ ಸಲ್ಲಿಸಿದ ಶಸ್ತ್ರವೈದ್ಯರು. ಆರು ಮಕ್ಕಳಲ್ಲಿ ಜಾನ್ ನಾಲ್ಕನೆಯವರು. ಹಣಕ್ಕೆ, ಆಳುಕಾಳಿಗೆ ಕೊರತೆಯಿರಲಿಲ್ಲ. ಆದರೆ ಆ ಕಾಲದ ಇಂಗ್ಲಿಷ್ ಶ್ರೀಮಂತರ ಮನೆಗಳಲ್ಲಿ ಮಕ್ಕಳನ್ನು ಸಾಕುತ್ತಿದ್ದವರು ದಾದಿಯರು. ಸಂಜೆ ಚಹಾದ ನಂತರ ಸುಮಾರು ಒಂದು ಗಂಟೆ ಮಾತ್ರ ಮಕ್ಕಳಿಗೆ ತಾಯಿಯ ಜೊತೆ. ಜಾನ್‌ಗೆ ನಿಜವಾದ ತಾಯಿಯಂತಿದ್ದವಳು ಮಿನ್ನಿ ಎಂಬ ದಾದಿ. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಆಕೆ ಕೆಲಸ ಬಿಟ್ಟು ಹೋದಳು. ದೊಡ್ಡವರ ಕಣ್ಣಿಗೆ ಅದು ಕೆಲಸದವಳೊಬ್ಬಳು ಬದಲಾದ ಸಂಗತಿ. ಮಗುವಿಗೆ ತಾಯಿಯನ್ನೇ ಕಳೆದುಕೊಂಡಂತೆ. ಮುಂದೆ ಚಿಕ್ಕ ವಯಸ್ಸಿನಲ್ಲೇ ಅವರನ್ನು ಬೋರ್ಡಿಂಗ್ ಶಾಲೆಗೆ ಕಳಿಸಲಾಯಿತು. ಈ ಎರಡು ನೋವುಗಳನ್ನೂ ಅವರು ಕೊನೆಯವರೆಗೆ ಮರೆಯಲಿಲ್ಲ.

ನೌಕಾಪಡೆಯ ಕಾಲೇಜು ಸೇರಿ, ಅದು ಹಿಡಿಸದೆ ಬಿಟ್ಟು, ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯಕ್ಕೆ ಬೇಕಾದ ಪ್ರಾರಂಭಿಕ ಓದು ಮುಗಿಸಿದರು. ಆಮೇಲೆ ನೇರವಾಗಿ ಆಸ್ಪತ್ರೆಗೆ ಹೋಗದೆ, ತೊಂದರೆಗೊಳಗಾದ ಮಕ್ಕಳ ಶಾಲೆಯೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅಲ್ಲಿನ ಇಬ್ಬರು ಹುಡುಗರು ಅವರ ದಾರಿಯನ್ನೇ ಬದಲಿಸಿದರು. ಒಬ್ಬ ಹದಿಹರೆಯದವ. ಕಳ್ಳತನ ಮಾಡಿ ಹಿಂದಿನ ಶಾಲೆಯಿಂದ ಹೊರಹಾಕಿಸಿಕೊಂಡಿದ್ದ. ಯಾರನ್ನೂ ಹಚ್ಚಿಕೊಳ್ಳುತ್ತಿರಲಿಲ್ಲ. ಹುಟ್ಟಿದಂದಿನಿಂದ ಅವನನ್ನು ಬಿಡದೆ ಸಾಕಿದ ತಾಯಿಯಂಥವರು ಯಾರೂ ಇರಲಿಲ್ಲ. ಇನ್ನೊಬ್ಬ ಏಳೆಂಟು ವರ್ಷದವ. ಭಯಪಡುತ್ತಾ ಬೌಲ್ಬಿಯವರ ಹಿಂದೆಯೇ ನೆರಳಿನಂತೆ ಸುತ್ತುತ್ತಿದ್ದ. ಒಬ್ಬ ದೂರ ನಿಲ್ಲುವುದಕ್ಕೂ ಇನ್ನೊಬ್ಬ ಅಂಟಿಕೊಳ್ಳುವುದಕ್ಕೂ ಅವರ ಮನೆಯ ಕಥೆಯಲ್ಲೇ ಕಾರಣವಿದೆ ಎಂದು ಅವರಿಗೆ ಹೊಳೆಯಿತು.

1933ರಲ್ಲಿ ವೈದ್ಯರಾದರು, ಮನೋವೈದ್ಯಕೀಯ ಕಲಿತರು, ಮನೋವಿಶ್ಲೇಷಣೆಯ ತರಬೇತಿಗೂ ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕಿ ಆ ಕಾಲದ ಪ್ರಸಿದ್ಧ ಮನೋವಿಶ್ಲೇಷಕಿ ಮೆಲನಿ ಕ್ಲೈನ್. ಅವರ ಕೈಕೆಳಗೆ ಬೌಲ್ಬಿ ಮೂರು ವರ್ಷದ ಒಬ್ಬ ಬಾಲಕನಿಗೆ ಚಿಕಿತ್ಸೆ ನೀಡುತ್ತಿದ್ದರು. ಮಗು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕರೆತರುತ್ತಿದ್ದ ತಾಯಿ ತೀರ ಆತಂಕದಲ್ಲಿದ್ದಳು. ಆಕೆಯೊಂದಿಗೆ ಮಾತಾಡಲು ಬೌಲ್ಬಿಗೆ ಅನುಮತಿಯಿರಲಿಲ್ಲ. ಮಗುವಿನ ಮನಸ್ಸಿನೊಳಗಿನ ಕಲ್ಪನೆಗಳೇ ಮುಖ್ಯ, ತಾಯಿಯ ಸ್ಥಿತಿ ಮುಖ್ಯವಲ್ಲ ಎಂಬುದು ಕ್ಲೈನ್ ಅವರ ಪಂಥದ ನಂಬಿಕೆ. ಮೂರು ತಿಂಗಳಲ್ಲಿ ಆ ತಾಯಿಯೇ ಮಾನಸಿಕ ಆಸ್ಪತ್ರೆ ಸೇರಿದಳು. ಈಗ ಮಗುವನ್ನು ಕರೆತರುವವರು ಯಾರು ಎಂಬುದಷ್ಟೇ ಕ್ಲೈನ್ ಅವರ ಚಿಂತೆಯಾಗಿದ್ದುದು ಬೌಲ್ಬಿಯವರಿಗೆ ಸಹಿಸಲಾಗಲಿಲ್ಲ. ತಾಯಿಯ ಕಷ್ಟ ನೋಡದೆ ಮಗುವಿನ ಕಷ್ಟ ಅರಿಯುವುದು ಹೇಗೆ? ಮುಂದಿನ ಅವರ ಕೆಲಸಕ್ಕೆಲ್ಲ ಈ ಪ್ರಶ್ನೆಯೇ ಬುನಾದಿ.

1936ರಿಂದ ಅವರು ಲಂಡನ್ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ನಲ್ಲಿದ್ದರು. ಅಲ್ಲಿಗೆ ಬಂದ, ಕಳ್ಳತನ ಮಾಡಿದ 44 ಮಕ್ಕಳನ್ನೂ, ಬೇರೆ ತೊಂದರೆಗಳಿಗೆ ಬಂದ, ಕಳ್ಳತನ ಮಾಡದ 44 ಮಕ್ಕಳನ್ನೂ ಹೋಲಿಸಿ ನೋಡಿದರು. ಕದ್ದದ್ದು ಏನು, ಎಷ್ಟು ಎಂಬುದಕ್ಕಿಂತ ಪ್ರತಿ ಮಗುವಿನ ಮೊದಲ ವರ್ಷಗಳು ಹೇಗಿದ್ದವು ಎಂದು ಮನೆಯವರನ್ನು ಕೇಳಿದರು. ಕದ್ದವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಅಕ್ಕರೆಯಿರಲಿಲ್ಲ, ಮಾಡಿದ್ದಕ್ಕೆ ನಾಚಿಕೆಯೂ ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳೆಯ ವಯಸ್ಸಿನಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದವರು. ಕದ್ದ ಉಳಿದ 30 ಮಕ್ಕಳಲ್ಲಿ ಅಂಥವರು 5. ಕದಿಯದ 44ರಲ್ಲಿ 2 ಮಾತ್ರ. ಈ ಅಧ್ಯಯನ 1944ರಲ್ಲಿ ಪ್ರಕಟವಾಯಿತು. ನಮ್ಮ ಕೆಲಸದಲ್ಲೂ ಹೀಗೇ: ಪ್ರೋಗ್ರಾಂ ನಿಂತುಹೋದ ಸಾಲಿನಲ್ಲೇ ಯಾವಾಗಲೂ ತಪ್ಪು ಇರುವುದಿಲ್ಲ, ಎಷ್ಟೋ ಹಿಂದಿನ ಸಾಲುಗಳನ್ನು ಓದಬೇಕಾಗುತ್ತದೆ.

ಅಷ್ಟರಲ್ಲಿ ಯುದ್ಧ ಬಂದಿತ್ತು. 1939ರ ಸೆಪ್ಟೆಂಬರಿನಲ್ಲಿ ಬಾಂಬಿನ ಭಯಕ್ಕೆ ಲಂಡನ್ ಮುಂತಾದ ನಗರಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ತೀರ ಚಿಕ್ಕ ಮಕ್ಕಳನ್ನು ತಾಯಿಯಿಲ್ಲದೆ ಕಳಿಸುವುದು ಅಪಾಯ ಎಂದು ಬೌಲ್ಬಿ, ವಿನಿಕಾಟ್ ಮತ್ತು ಮಿಲ್ಲರ್ ಎಂಬ ಮೂವರು ವೈದ್ಯರು ಆ ವರ್ಷವೇ ವೈದ್ಯಕೀಯ ಪತ್ರಿಕೆಗೆ ಬರೆದು ಎಚ್ಚರಿಸಿದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಟ್ಯಾವಿಸ್ಟಾಕ್ ಕ್ಲಿನಿಕ್‌ನ ಮಕ್ಕಳ ವಿಭಾಗ ಅವರ ಕೈಗೆ ಬಂತು. ವಿಭಾಗದ ಹೆಸರನ್ನೇ ಅವರು ಮಕ್ಕಳ ಮತ್ತು ಪೋಷಕರ ವಿಭಾಗ ಎಂದು ಬದಲಿಸಿದರು. ಓದಿನಲ್ಲಿ ಹಿಂದೆ ಬಿದ್ದು, ಮನೆಯಲ್ಲೂ ಹೊಂದಿಕೊಳ್ಳದ ಹದಿಮೂರರ ಹುಡುಗನೊಬ್ಬ ಅಲ್ಲಿಗೆ ಬರುತ್ತಿದ್ದ. ಎರಡು ವರ್ಷ ಒಬ್ಬನಿಗೇ ಚಿಕಿತ್ಸೆ ನೀಡಿದರೂ ಹೆಚ್ಚು ಪ್ರಯೋಜನವಾಗಲಿಲ್ಲ. ಕೊನೆಗೆ ಬೌಲ್ಬಿ ತಂದೆ, ತಾಯಿ, ಮಗ ಮೂವರನ್ನೂ ಒಟ್ಟಿಗೆ ಎರಡು ಗಂಟೆ ಕೂರಿಸಿ ಮಾತಾಡಿಸಿದರು. ತಂದೆ ತಾಯಿ ಮಗನನ್ನು ಗದರುತ್ತಿದ್ದುದರ ಬೇರು ಅವರವರ ಬಾಲ್ಯದಲ್ಲೇ ಇತ್ತು. ಆ ಒಂದು ಭೇಟಿ ಎಲ್ಲರ ಕಣ್ಣು ತೆರೆಸಿತು. 1949ರಲ್ಲಿ ಅವರು ಈ ಅನುಭವವನ್ನು ಪ್ರಕಟಿಸಿದರು. ಇಂದಿನ ಕುಟುಂಬ ಚಿಕಿತ್ಸೆಯ ಮೊದಲ ಬರಹಗಳಲ್ಲಿ ಅದೂ ಒಂದು.

ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳನ್ನು ನೋಡಲು ತಂದೆತಾಯಿಗೆ ಸಿಗುತ್ತಿದ್ದ ಸಮಯ ಬಹಳ ಕಡಿಮೆ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವೊಂದರ ಕೊರಗನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರಿಗೆ ತೋರಿಸಿದರು. ಎಷ್ಟೋ ವೈದ್ಯರು ಮೊದಲು ಸಿಟ್ಟಾದರು. ಆದರೂ 1959ರಲ್ಲಿ ಸರ್ಕಾರದ ಪ್ಲಾಟ್ ವರದಿ, ಪೋಷಕರಿಗೆ ಮಕ್ಕಳನ್ನು ನೋಡಲು ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ಇಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ಬೌಲ್ಬಿ ಯುರೋಪ್, ಅಮೆರಿಕ ಸುತ್ತಿ, ಮನೆ ಕಳೆದುಕೊಂಡ ಮಕ್ಕಳ ಬಗ್ಗೆ 1951ರಲ್ಲಿ ವರದಿ ಕೊಟ್ಟರು. ಅದರಿಂದ ಅವರು ಲೋಕಪ್ರಸಿದ್ಧರಾದರು; ಟೀಕೆಗಳೂ ಬಂದವು. ತಾಯಂದಿರನ್ನು ಮನೆಯಲ್ಲೇ ಕಟ್ಟಿಹಾಕುವ ಮಾತು ಇದು ಎಂದು ಅನೇಕರು ಆಕ್ಷೇಪಿಸಿದರು. ಈ ಟೀಕೆಯಲ್ಲಿ ಹುರುಳಿತ್ತು. ಆದರೆ ಅದೇ ವರದಿ, ಮಕ್ಕಳು ಚೆನ್ನಾಗಿರಬೇಕಾದರೆ ಸಮಾಜ ಅವರ ತಂದೆತಾಯಿಯ ಕೈ ಹಿಡಿಯಬೇಕು ಎಂದೂ ಹೇಳಿತ್ತು.

ನನಗೆ ಅವರ ಬಗ್ಗೆ ಗೌರವ ಹೆಚ್ಚಾದದ್ದು ಇನ್ನೊಂದು ಕಾರಣಕ್ಕೆ. ನಾಲ್ಕು ವರ್ಷ ತುಂಬುವ ಮೊದಲೇ ಕ್ಷಯರೋಗದಿಂದ ತಿಂಗಳುಗಟ್ಟಲೆ ಸ್ಯಾನಟೋರಿಯಂನಲ್ಲಿ ಕಳೆದ 60 ಮಕ್ಕಳನ್ನು ಅವರ ತಂಡ ಪರೀಕ್ಷಿಸಿತು. ಬಹುಪಾಲು ಮಕ್ಕಳು ದಾರಿ ತಪ್ಪಿರಲಿಲ್ಲ. ಅಗಲಿಕೆಯ ಕೇಡನ್ನು ಹಿಂದೆ ಹೆಚ್ಚಾಗಿ ಹೇಳಿದ್ದೆವೆಂದು 1956ರಲ್ಲಿ ಅವರೇ ಬರೆದು ಒಪ್ಪಿಕೊಂಡರು. ಎಳವೆಯ ನೋವು ಹಣೆಬರಹವಲ್ಲ ಎಂಬ ಸತ್ಯ ಹೀಗೆ ಅವರ ಕೈಯಿಂದಲೇ ಹೊರಬಂತು.

ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಉಗಾಂಡದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ಹತ್ತಿರದಿಂದ ನೋಡಿದರು. ಮಗು ತಾಯಿಯ ಬಳಿಯಿಂದ ತೆವಳಿ ಹೋಗಿ, ಸುತ್ತ ನೋಡಿ, ಹೆದರಿದರೆ ಓಡಿ ಬರುತ್ತದೆ. ಮರಳಿ ಬರಲು ಭದ್ರ ನೆಲೆ ಇದ್ದರೆ ಮಾತ್ರ ದೂರ ಹೋಗುವ ಧೈರ್ಯ. ಬೌಲ್ಬಿ ಇದನ್ನೆಲ್ಲ ಬಾಂಧವ್ಯ ಸಿದ್ಧಾಂತವಾಗಿ 1969, 1973 ಮತ್ತು 1980ರಲ್ಲಿ ಮೂರು ಸಂಪುಟಗಳಲ್ಲಿ ತಂದರು. ಈ ನೆಲೆ ಹಸುಗೂಸಿಗಷ್ಟೇ ಅಲ್ಲ, ಹದಿಹರೆಯದವರಿಗೂ ದೊಡ್ಡವರಿಗೂ ಬೇಕು ಎಂಬುದು ಅವರ ನಿಲುವು.

1938ರಲ್ಲಿ ಅರ್ಸುಲಾ ಅವರನ್ನು ಮದುವೆಯಾದ ಬೌಲ್ಬಿಗೆ ನಾಲ್ವರು ಮಕ್ಕಳು. ರಾತ್ರಿಯಾದ ಮೇಲೆ ಮನೆಗೆ ಬಂದು, ಕೆಲಸದ ಸುದ್ದಿಯನ್ನೇ ಎತ್ತದ ಅಪ್ಪ ಕಳ್ಳನಿರಬಹುದೇ ಎಂದು ಮಗನೊಬ್ಬ ತಾಯಿಯನ್ನು ಕೇಳಿದ್ದನಂತೆ. ಕೊನೆಯ ವರ್ಷಗಳಲ್ಲಿ ಡಾರ್ವಿನ್ನನ ಜೀವನಚರಿತ್ರೆ ಬರೆದು ಮುಗಿಸಿ, 1990ರ ಸೆಪ್ಟೆಂಬರ್ 2ರಂದು, ತಮಗೆ ಪ್ರಿಯವಾಗಿದ್ದ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ತೀರಿಕೊಂಡರು. ಆಗ ಅವರಿಗೆ 83 ವರ್ಷ.

ನಮ್ಮೂರ ಕಡೆಯೂ ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗಿ, ಅಜ್ಜಿಯ ಬಳಿ ಬೆಳೆಯುವ ಮಕ್ಕಳಿದ್ದಾರೆ. ಹತ್ತು ಹನ್ನೊಂದಕ್ಕೇ ಹಾಸ್ಟೆಲ್ ಸೇರುವವರಿದ್ದಾರೆ. ಅವರ ತಂದೆತಾಯಿಯನ್ನು ದೂರುವುದಕ್ಕೆ ಬೌಲ್ಬಿಯವರ ಹೆಸರು ಬಳಸಬಾರದು. ಮಗು ಮರಳಿ ಬಂದು ಮಾತಾಡಬಹುದಾದ ಒಬ್ಬರು ಇರಬೇಕು, ಅಷ್ಟೆ. ಅಜ್ಜಿ ಆಗಬಹುದು, ವಾರ್ಡನ್ ಆಗಬಹುದು, ಮೇಷ್ಟ್ರು ಆಗಬಹುದು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಸಿಗದ ಹೊತ್ತಿನಲ್ಲಿ 14416ಕ್ಕೆ ಫೋನ್ ಮಾಡಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಹಣ ಕೊಡದೆ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ತಂದೆತಾಯಿಯೂ.

ತಪ್ಪು ಮಾಡಿದ ಹುಡುಗನನ್ನು ಟಿ.ಸಿ. ಕೊಟ್ಟು ಕಳಿಸುವ ಮುನ್ನ ಕೂರಿಸಿ ಕೇಳುವ ಗುರುಗಳು ನಮ್ಮ ಶಾಲೆಗೆ ಮುಂದಿನ ಐವತ್ತು ವರ್ಷವೂ ಸಿಗಲಿ.